ಚಿನ್ನದ ಗಣಿಯಲ್ಲಿ ಬಿಡಾರ: ಕೋಲಾರದ ಕಾಸ್ಮಿಕ್ ಕಿರಣ ಪ್ರಯೋಗಗಳಿಗೆ ಎಪ್ಪತ್ತೈದು

ಸ್ಮರಣ ಸಂಚಿಕೆ ಎಂದರೆ ಮೊದಲ ಪುಟದಲ್ಲಿ ಅಡಿಗಲ್ಲಿನ ಫೋಟೊ, ಪಕ್ಕದಲ್ಲಿ ದಾನಿಗಳ ಹೆಸರು, ಆಮೇಲೆ ಹಳೆಯ ಕಟ್ಟಡ, ಹೊಸ ಕಟ್ಟಡ. ಈ ಲೇಖನದ ಪ್ರಯೋಗಶಾಲೆಗೆ ಅಡಿಗಲ್ಲೇ ಇರಲಿಲ್ಲ. 1951ರಿಂದ 1992ರವರೆಗೆ ಅದು ಕೋಲಾರದ ಚಿನ್ನದ ಗಣಿಗಳ ಒಳಗೆ, ಗಣಿಯವರು ಬಿಟ್ಟುಕೊಟ್ಟ ಸುರಂಗಗಳಲ್ಲಿ ಬಿಡಾರ ಹೂಡಿತ್ತು. ನಡೆಸಿದವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಅಂದರೆ ಟಿಐಎಫ್‌ಆರ್. ಶಾಫ್ಟು ಗಣಿಯದು, ಕೇಜು ಗಣಿಯದು, ಕರೆಂಟು, ಗಾಳಿ, ನೀರೆತ್ತುವ ಪಂಪು ಎಲ್ಲವೂ ಗಣಿಯದು. ವಿಜ್ಞಾನಿಗಳದ್ದು ಎಂದು ಇದ್ದದ್ದು ಉಪಕರಣಗಳು ಮಾತ್ರ. ವಿಕಿರಣವನ್ನು ಕಂಡುಹಿಡಿದು ಅಳೆಯುವ ಉಪಕರಣಗಳಲ್ಲಿ ಗೈಗರ್ ಕೊಳವೆಯಿಂದ ಹಿಡಿದು ನೂರಾರು ಟನ್ನಿನ ಕಬ್ಬಿಣದ ಗೋಪುರದವರೆಗೆ ಒಂದಾದ ಮೇಲೊಂದು ತಲೆಮಾರು ಆ ಕೇಜಿನಲ್ಲಿ ಇಳಿಯಿತು. ಮೊದಲ ತಲೆಮಾರು ಇಳಿದು ಈಗ ಎಪ್ಪತ್ತೈದು ವರ್ಷ.

ರಾಮನಗರ, ಮಾಗಡಿ, ಕನಕಪುರದ ಓದುಗರಿಗೆ ಕೋಲಾರದ ಗಣಿ ದೂರದ ಮಾತು ಅನ್ನಿಸಬಹುದು. ಅಷ್ಟೇನೂ ದೂರವಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಒಯ್ದ 92 ಮೈಲಿಯ ತಂತಿ ಕನಕಪುರದ ಸೀಮೆಯನ್ನು ಹಾದೇ ಹೋಯಿತು. ನಮ್ಮ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಉರಿಯುತ್ತಿದ್ದಾಗ ಕಾವೇರಿಯ ಕರೆಂಟು ತಲೆಯ ಮೇಲೆ ದಾಟಿ ಕೋಲಾರ ಸೇರುತ್ತಿತ್ತು. ನಮ್ಮ ಬಂಡೆಗೂ ಈ ಕಥೆಯಲ್ಲಿ ಒಂದು ಪಾತ್ರವಿದೆ.

ಅಳೆಯಬೇಕಾದದ್ದು ಏನು

ಆಕಾಶದಿಂದ ಹಗಲಿರುಳೂ ಕಣಗಳು ಸುರಿಯುತ್ತಲೇ ಇರುತ್ತವೆ. ಬಹುಪಾಲು ಪ್ರೋಟಾನುಗಳು. ವಾಯುಮಂಡಲದ ಮೇಲ್ಪದರದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿದು ಅವು ಹೊಸ ಕಣಗಳನ್ನು ಹುಟ್ಟಿಸುತ್ತವೆ. ಹಾಗೆ ಹುಟ್ಟಿ ನೆಲ ಮುಟ್ಟುವವುಗಳಲ್ಲಿ ಮುಖ್ಯವಾದದ್ದು ಮ್ಯುಆನ್. ಅಂಗೈಯನ್ನು ಚಾಚಿ ಹಿಡಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಮ್ಯುಆನುಗಳು ಅದರೊಳಗಿಂದ ಹಾದು ಹೋಗುತ್ತವೆ. ಮೇಲಿನ ಈ ಕಣಗಳಿಗೆಲ್ಲ ಒಟ್ಟಾಗಿ ವಿಶ್ವಕಿರಣ, ಕಾಸ್ಮಿಕ್ ಕಿರಣ ಎಂದು ಹೆಸರು.

ಅವನ್ನು ಹಿಡಿಯಲು ಮೊದಲು ಒದಗಿದ್ದು ಗೈಗರ್–ಮುಲ್ಲರ್ ಕೊಳವೆ. ಒಂದು ಲೋಹದ ಕೊಳವೆ, ನಟ್ಟನಡುವೆ ಎಳೆದು ಕಟ್ಟಿದ ಸಣ್ಣ ತಂತಿ, ಒಳಗೆ ಕಡಿಮೆ ಒತ್ತಡದ ಅನಿಲ, ತಂತಿಗೂ ಕೊಳವೆಗೂ ನಡುವೆ ಸಾವಿರ ವೋಲ್ಟಿನ ಆಸುಪಾಸು ವಿದ್ಯುತ್ತು. ಕಣವೊಂದು ಹಾದರೆ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ, ತಂತಿಯ ಕಡೆ ಧಾವಿಸುತ್ತ ಮತ್ತಷ್ಟನ್ನು ಕೀಳುತ್ತವೆ, ಟಕ್ ಎಂದು ಒಂದು ಮಿಡಿತ ಬರುತ್ತದೆ. ಬಂದದ್ದು ಯಾರು, ಎಲ್ಲಿಂದ ಎಂಬುದನ್ನು ಕೊಳವೆ ಹೇಳುವುದಿಲ್ಲ. ಪಕ್ಕದ ಕಲ್ಲಿನಿಂದ ಹೊರಟ ಗಾಮಾ ಕಿರಣಕ್ಕೂ ಅದು ಅದೇ ಟಕ್ ಅನ್ನುತ್ತದೆ.

ಇಲ್ಲಿ ರಾಮನಗರದ ಬಂಡೆ ಬರುತ್ತದೆ. ನಮ್ಮ ಬೆಟ್ಟಗಳ ಗುಲಾಬಿ ಬಣ್ಣದ ಗ್ರಾನೈಟಿಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಹಿಂದೆ ಗಟ್ಟಿಯಾದ, ತೆಂಕಬಡಗಾಗಿ ನೂರಾರು ಕಿಲೋಮೀಟರ್ ಹಬ್ಬಿದ ಕಲ್ಲು. ಅದರ ಗುಲಾಬಿ ಹರಳು ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರ್. ಪೊಟ್ಯಾಸಿಯಂ ಇರುವಲ್ಲಿ ಪೊಟ್ಯಾಸಿಯಂ–40 ಎಂಬ ವಿಕಿರಣಪಟು ಅಣ್ಣನೂ ಸ್ವಲ್ಪ ಇರುತ್ತಾನೆ, ಜೊತೆಗೆ ಒಂದಿಷ್ಟು ಯುರೇನಿಯಂ, ಥೋರಿಯಂ. ಗೈಗರ್ ಕೊಳವೆಯೊಂದನ್ನು ರಾಮದೇವರ ಬೆಟ್ಟದ ಮೇಲಿಟ್ಟರೆ, ಕೋಲಾರದ ಕಪ್ಪು ಶಿಸ್ಟ್ ಕಲ್ಲಿನ ಪಕ್ಕ ಇಟ್ಟದ್ದಕ್ಕಿಂತ ಹೆಚ್ಚು ಸಲ ಟಕ್ ಅನ್ನುವುದು ಖಂಡಿತ. ಭಯಪಡುವಂಥದ್ದೇನೂ ಅಲ್ಲ, ಆದರೆ ಆಕಾಶದಿಂದ ಬಂದದ್ದನ್ನು ಮಾತ್ರ ಎಣಿಸಬೇಕೆಂದಿರುವವನಿಗೆ ಇದು ಕಿರಿಕಿರಿ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಗದ್ದಲದಲ್ಲಿ ನಿಂತು ಪಿಸುಮಾತು ಕೇಳಿಸಿಕೊಳ್ಳುವ ಕಷ್ಟ ಅದು.

ಇದಕ್ಕೆ ಕಂಡುಕೊಂಡ ಉಪಾಯ ಸರಳ. ಕೊಳವೆಗಳ ಸಾಲುಗಳನ್ನು ಒಂದರ ಮೇಲೊಂದು ಅಂತರ ಬಿಟ್ಟು ಜೋಡಿಸುವುದು. ಎಲ್ಲ ಸಾಲುಗಳೂ ಒಂದೇ ಕ್ಷಣದಲ್ಲಿ ಮಿಡಿದರೆ ಮಾತ್ರ ಲೆಕ್ಕಕ್ಕೆ ಹಿಡಿಯುವುದು. ಕಲ್ಲಿನ ಗಾಮಾ ಕಿರಣ ಒಂದು ಸಾಲಿನಲ್ಲೇ ಮುಗಿದುಹೋಗುತ್ತದೆ. ನೇರವಾಗಿ ಎಲ್ಲ ಸಾಲುಗಳನ್ನೂ ತೂರಿಹೋಗಬಲ್ಲದ್ದು ಮ್ಯುಆನ್. ಈ ಜೋಡಣೆಗೆ ಕೌಂಟರ್ ಟೆಲಿಸ್ಕೋಪ್ ಎಂದು ಹೆಸರು. ಕೋಲಾರದ ನಲವತ್ತು ವರ್ಷದ ಕೆಲಸವೆಲ್ಲ ಈ ಉಪಾಯವನ್ನೇ ಬೆಳೆಸುತ್ತ ಹೋದದ್ದು.

1939–1948: ಬೆಂಗಳೂರಿನ ಪೀಠಿಕೆ

1939ರಲ್ಲಿ ಹೋಮಿ ಭಾಭಾ ಕೇಂಬ್ರಿಜ್‌ನಿಂದ ರಜೆಗೆಂದು ಊರಿಗೆ ಬಂದಿದ್ದರು. ಯುದ್ಧ ಶುರುವಾಯಿತು, ಹಿಂತಿರುಗುವ ದಾರಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ.ವಿ. ರಾಮನ್ನರ ಭೌತವಿಜ್ಞಾನ ವಿಭಾಗಕ್ಕೆ ರೀಡರ್ ಆಗಿ ಸೇರಿದರು. ಟಾಟಾ ಟ್ರಸ್ಟಿನ ನೆರವಿನಿಂದ ಅಲ್ಲೊಂದು ಕಾಸ್ಮಿಕ್ ಕಿರಣ ಸಂಶೋಧನಾ ಘಟಕ ಹುಟ್ಟಿತು. ಅದೇ ಹೊತ್ತಿಗೆ, ಯುದ್ಧದ ಕಾರಣಕ್ಕೇ ಇಂಗ್ಲೆಂಡಿನಿಂದ ಬಂದಿದ್ದ ವಿಕ್ರಮ್ ಸಾರಾಭಾಯಿ ಕೂಡ ರಾಮನ್ನರ ಬಳಿ ಗೈಗರ್ ಕೊಳವೆಗಳನ್ನು ಹಿಡಿದು ಕೂತರು. ಹೊತ್ತು ಹೊತ್ತಿಗೆ ಕಾಸ್ಮಿಕ್ ಕಿರಣದ ಪ್ರಮಾಣ ಹೇಗೆ ಏರಿಳಿಯುತ್ತದೆ ಎಂಬ ಅವರ ಮೊದಲ ಪ್ರಬಂಧ 1942ರಲ್ಲಿ ಇಂಡಿಯನ್ ಅಕಾಡೆಮಿಯ ಪತ್ರಿಕೆಯಲ್ಲಿ ಬಂತು.

ಭಾಭಾ ಮೂಲತಃ ಸಿದ್ಧಾಂತದವರು. ಪ್ರಯೋಗಕ್ಕೆ ಕೈಹಾಕಿಸಿದ್ದು ಬೆಂಗಳೂರು. ಭೂಮಿಯ ಕಾಂತಕ್ಷೇತ್ರದ ಲೆಕ್ಕದಲ್ಲಿ ಬೆಂಗಳೂರು ಸಮಭಾಜಕಕ್ಕೆ ಬಲು ಹತ್ತಿರ, 3.3 ಡಿಗ್ರಿ ಉತ್ತರ. ಕಡಿಮೆ ಶಕ್ತಿಯ ಕಣಗಳನ್ನು ಕಾಂತಕ್ಷೇತ್ರ ಇಲ್ಲಿ ತಿರುಗಿಸಿ ಕಳಿಸಿಬಿಡುತ್ತದೆ, ಗಟ್ಟಿ ಕಣಗಳಷ್ಟೇ ಇಳಿಯುತ್ತವೆ. ಯುರೋಪು ಅಮೆರಿಕಗಳಲ್ಲಿ ಕೂತವರಿಗೆ ಈ ಅನುಕೂಲವಿರಲಿಲ್ಲ. ಆ ಕಾಲಕ್ಕೆ ಬೆಂಗಳೂರಿನಲ್ಲಿದ್ದ ಅಮೆರಿಕನ್ ವಾಯುಪಡೆಯ ವಿಮಾನದಲ್ಲಿ ಕೌಂಟರ್ ಟೆಲಿಸ್ಕೋಪನ್ನು 30 ಸಾವಿರ ಅಡಿಯವರೆಗೆ ಏರಿಸಿ ಅಳತೆ ಮಾಡಿದರು. ಜೊತೆಗಿದ್ದವರಲ್ಲಿ ಎಸ್.ವಿ. ಚಂದ್ರಶೇಖರ ಅಯ್ಯ ಒಬ್ಬರು. ಫಲಿತಾಂಶ 1945ರಲ್ಲಿ ಅಚ್ಚಾಯಿತು. ಯುದ್ಧಕಾಲದಲ್ಲಿ ಹೊರಗಿನಿಂದ ಸಾಮಾನು ತರಿಸುವುದು ಕನಸಿನ ಮಾತು. ಕೊಳವೆ ಮಾಡುವುದನ್ನೂ ಸರ್ಕ್ಯೂಟು ಕಟ್ಟುವುದನ್ನೂ ಇಲ್ಲಿಯೇ ಕಲಿಯಬೇಕಾಯಿತು. ಆ ಅನಿವಾರ್ಯವೇ ಮುಂದೆ ದೊಡ್ಡ ಆಸ್ತಿಯಾಯಿತು ಎಂಬುದು ನನ್ನ ಎಣಿಕೆ.

1945ರ ಜೂನ್ 1ರಂದು ಟಿಐಎಫ್‌ಆರ್ ಶುರುವಾದದ್ದು ಬೆಂಗಳೂರಿನ ಈ ಆವರಣದಲ್ಲಿ ಎಂಬುದನ್ನು ಮುಂಬಯಿಯವರು ಆಗಾಗ ಮರೆಯುತ್ತಾರೆ. ಅದೇ ವರ್ಷ ಸಂಸ್ಥೆ ಮುಂಬಯಿಗೆ ಹೋಯಿತು.

1951–1959: ಮೊದಲ ಇಳಿತ

ಬದನವಾಳು ವೆಂಕಟಸುಬ್ಬ ಶ್ರೀಕಂಠನ್ ಅವರು ನಂಜನಗೂಡಿನ ಕಡೆಯವರು, 1925ರಲ್ಲಿ ಹುಟ್ಟಿದವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ವೈರ್‌ಲೆಸ್ ವಿಷಯ ತೆಗೆದುಕೊಂಡು ಭೌತವಿಜ್ಞಾನ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಇದ್ದು, 1948ರಲ್ಲಿ ಟಿಐಎಫ್‌ಆರ್ ಸೇರಿದರು. ರೇಡಿಯೋ ವಾಲ್ವುಗಳ ಪರಿಚಯ ಕೈಯಲ್ಲಿತ್ತು. ಭಾಭಾ ಇವರಿಗೆ ಒಪ್ಪಿಸಿದ ಕೆಲಸ, ಮ್ಯುಆನುಗಳು ನೆಲದೊಳಗೆ ಎಷ್ಟು ಆಳ ಹೋಗುತ್ತವೆ ಎಂದು ಕೋಲಾರದ ಗಣಿಗೆ ಇಳಿದು ಅಳೆಯುವುದು.

ಬೇರೆ ದೇಶಗಳಲ್ಲಿ ಸರೋವರದ ತಳಕ್ಕೆ, ಉಪ್ಪಿನ ಗಣಿಗೆ ಉಪಕರಣ ಇಳಿಸಿ ನೋಡಿದ್ದರು. ಕೋಲಾರದಷ್ಟು ಆಳ ಅವರಿಗೆ ಸಿಕ್ಕಿರಲಿಲ್ಲ. 1880ರಿಂದ ಜಾನ್ ಟೇಲರ್ ಕಂಪನಿ ಅಗೆಸುತ್ತಲೇ ಬಂದು ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿನ ಸನಿಹಕ್ಕೆ ಇಳಿದಿತ್ತು, ಲೋಕದ ಅತಿ ಆಳದ ಗಣಿಗಳಲ್ಲಿ ಒಂದು. ಇನ್ನೊಂದು ಅನುಕೂಲವೂ ಇತ್ತು: ಮೇಲಿನ ನೆಲ ಹೆಚ್ಚುಕಡಿಮೆ ಸಮತಟ್ಟು, ಕಲ್ಲು ಬಹುಮಟ್ಟಿಗೆ ಒಂದೇ ಬಗೆ. ನೀರಿಗಿಂತ ಮೂರು ಪಟ್ಟು ಸಾಂದ್ರ. ಹೀಗಾಗಿ ತಲೆಯ ಮೇಲೆ ಎಷ್ಟು ಕಲ್ಲಿದೆ ಎಂಬ ಲೆಕ್ಕ ಯಾವ ದಿಕ್ಕಿಗೂ ನಿಖರವಾಗಿ ಸಿಗುತ್ತಿತ್ತು. ಬೆಟ್ಟದ ಬುಡದ ಸುರಂಗದಲ್ಲಿ ಈ ನಿಖರತೆ ಸಿಗುವುದು ಕಷ್ಟ.

ಮೊದಲ ಅಳತೆಗಳು ಕೆಲವು ನೂರು ಮೀಟರ್ ಆಳದವು. ಜೊತೆಗೆ ಎಸ್. ನಾರಣನ್, ಆಮೇಲೆ ಪಿ.ವಿ. ರಮಣಮೂರ್ತಿ ಸೇರಿಕೊಂಡರು. ಗಣಿಯೊಳಗಿನ ಸೆಕೆ, ತೇವ ಕೊಳವೆಗೂ ವಾಲ್ವಿಗೂ ಶತ್ರು. ಸಾವಿರ ವೋಲ್ಟಿನ ತಂತಿಯ ಬುಡದಲ್ಲಿ ಬೆವರಿನಷ್ಟು ತೇವ ಕೂತರೂ ವಿದ್ಯುತ್ತು ಸೋರಿ ಇಲ್ಲದ ಮಿಡಿತಗಳು ಹುಟ್ಟುತ್ತವೆ. ಆ ಸುಳ್ಳು ಎಣಿಕೆಯನ್ನು ಗುರುತಿಸಿ ಕಳೆಯುವ ಶಿಸ್ತು ಈ ತಂಡಕ್ಕೆ ಬಂದದ್ದು ಈ ವರ್ಷಗಳಲ್ಲಿ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. ಬಿಡಾರದ ಮಾಲೀಕರು ಬದಲಾದರು, ಬಿಡಾರ ಮುಂದುವರಿಯಿತು.

ಗಣಿಯ ಮೇಲೆ, ಬಯಲಿನಲ್ಲೂ ಕೆಲಸ ಬೆಳೆಯಿತು. ಒಂದೇ ಕಾಸ್ಮಿಕ್ ಕಣದಿಂದ ಹುಟ್ಟಿ ಎಕರೆಗಟ್ಟಲೆ ಜಾಗಕ್ಕೆ ಒಮ್ಮೆಲೇ ಸುರಿಯುವ ಕಣಗಳ ಮಳೆಯನ್ನು ಹಿಡಿಯಲು ನೆಲದ ಮೇಲೆ ಡಿಟೆಕ್ಟರುಗಳನ್ನು ಹರಡಿದರು, ಅದೇ ಮಳೆಯ ಮ್ಯುಆನುಗಳನ್ನು ಕೆಳಗೆ ಸುರಂಗದಲ್ಲಿ ಎಣಿಸಿದರು. ಇದೂ ಮುಂದಿನ ದಶಕಗಳಲ್ಲಿ ದೊಡ್ಡದಾಗಿ ನಡೆಯಿತು. ಅದರದ್ದೇ ಒಂದು ಚರಿತ್ರೆ ಬೇರೆ ಬರೆಯಬೇಕು.

1960–1964: ಏನೂ ಬಾರದ ಎರಡು ತಿಂಗಳು

ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಸಬುರೊ ಮಿಯಾಕೆ ಕೋಲಾರಕ್ಕೆ ಬಂದದ್ದು ಈ ಘಟ್ಟದಲ್ಲಿ. ಅವರೂ ವಿ.ಎಸ್. ನರಸಿಂಹಂ, ರಮಣಮೂರ್ತಿ ಅವರೂ ಸೇರಿ ಒಂದೊಂದೇ ಲೆವೆಲ್ ಇಳಿಯುತ್ತ ಮ್ಯುಆನ್ ಎಣಿಸಿದರು. ಆಳವನ್ನು ಇವರು ಮೀಟರಿನಲ್ಲಿ ಹೇಳುತ್ತಿರಲಿಲ್ಲ. ಅಷ್ಟೇ ತೂಕದ ನೀರು ಎಷ್ಟು ಮೀಟರ್ ಆದೀತು ಎಂದು ಹೇಳುತ್ತಿದ್ದರು. ಲೋಕದ ಬೇರೆ ಬೇರೆ ಕಡೆಯ ಕಲ್ಲು, ಕೆರೆ, ಹಿಮಗಳನ್ನು ಹೋಲಿಸಲು ಅದೇ ಅನುಕೂಲ. 816ರಿಂದ ಶುರುವಾಗಿ 6,380 ಮೀಟರ್ ನೀರಿನಷ್ಟು ಆಳದವರೆಗೆ ಎಣಿಕೆ ಇಳಿಯುತ್ತ ಬಂತು. ಕೊನೆಗೆ ಸುಮಾರು 2.76 ಕಿಲೋಮೀಟರ್ ಆಳಕ್ಕೆ, ಅಂದರೆ 8,400 ಮೀಟರ್ ನೀರಿನ ಲೆಕ್ಕಕ್ಕೆ, ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು.

ಒಂದೂ ಬರಲಿಲ್ಲ.

ಕಚೇರಿ ವರದಿಯಲ್ಲಿ ಇದನ್ನು ಬರೆಯುವುದು ಕಷ್ಟ. ಅನುದಾನ ಕೊಟ್ಟವರಿಗೆ, ಕೇಜಿನಲ್ಲಿ ಜಾಗ ಬಿಟ್ಟುಕೊಟ್ಟವರಿಗೆ ಏನು ಸಿಕ್ಕಿತು ಎಂದರೆ ಏನೂ ಸಿಗಲಿಲ್ಲ ಎನ್ನಬೇಕು. ಆದರೆ ನನ್ನ ದೃಷ್ಟಿಯಲ್ಲಿ ಈ ಬಿಡಾರದ ನಲವತ್ತು ವರ್ಷಗಳಲ್ಲಿ ಇದಕ್ಕಿಂತ ಮೇಲಾದ ಅಳತೆ ಇಲ್ಲ. ಉಪಕರಣ ಕೆಟ್ಟು ಸುಮ್ಮನಿರುವುದಕ್ಕೂ ಸರಿಯಾಗಿದ್ದು ಸುಮ್ಮನಿರುವುದಕ್ಕೂ ಇರುವ ಅಂತರವನ್ನು ಖಚಿತಪಡಿಸಿಕೊಳ್ಳಲು ಹತ್ತು ವರ್ಷದ ಅನುಭವ ಬೇಕಾಗಿತ್ತು. ಅದು ಇವರ ಬಳಿ ಇತ್ತು. ಮೇಲಿನಿಂದ ಬರುವ ಮ್ಯುಆನು ಇಷ್ಟು ಆಳಕ್ಕೆ ತಲುಪುವುದೇ ಇಲ್ಲವೆಂದರೆ, ಅಲ್ಲಿ ಅಪರೂಪಕ್ಕೆ ಏನಾದರೂ ಮಿಡಿದರೆ ಅದು ಬೇರೆ ಯಾವುದೋ.

ಬೇರೆ ಯಾವುದು ಎಂಬುದಕ್ಕೆ ಉತ್ತರ ಸಿದ್ಧವಿತ್ತು. ವಾಯುಮಂಡಲದಲ್ಲಿ ಮ್ಯುಆನ್ ಜೊತೆಗೇ ಹುಟ್ಟುವ ನ್ಯೂಟ್ರಿನೋ ಭೂಮಿಯನ್ನೇ ಅಡ್ಡಲಾಗಿ ತೂರಿಹೋಗಬಲ್ಲದು. ಎಲ್ಲೋ ಒಂದು ಸಲ ಕಲ್ಲಿನ ಪರಮಾಣುವಿಗೆ ಬಡಿದು ಒಂದು ಮ್ಯುಆನನ್ನು ಹುಟ್ಟಿಸುತ್ತದೆ. ಆಳದಲ್ಲಿ ಅದನ್ನು ಹುಡುಕಬಹುದು ಎಂದು ರಷ್ಯದ ಮಾರ್ಕೊವ್, ಅಮೆರಿಕದ ಗ್ರೈಸೆನ್ 1960ರ ಹೊತ್ತಿಗೆ ಹೇಳಿದ್ದರು.

1964–1969: ಗೋಡೆಗಳ ನಡುವೆ ನ್ಯೂಟ್ರಿನೋ

ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದ ಆರ್ನಲ್ಡ್ ವುಲ್ಫೆಂಡೇಲ್ ತಂಡ, ಒಸಾಕಾದ ಮಿಯಾಕೆ ತಂಡ, ಟಿಐಎಫ್‌ಆರ್ ತಂಡ ಮೂರೂ ಕೂಡಿದವು. ಟಿಐಎಫ್‌ಆರ್ ಪರವಾಗಿ ಮುಂದಾಳತ್ವ ವಹಿಸಿದ ಎಂ.ಜಿ.ಕೆ. ಮೆನನ್ ಮಂಗಳೂರಿನಲ್ಲಿ ಹುಟ್ಟಿದವರು. 1964ರ ಕೊನೆಗೆ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ನಿಂತಿತು.

ಈ ಸಲ ಟೆಲಿಸ್ಕೋಪು ಮಲಗಿರಲಿಲ್ಲ, ಗೋಡೆಯ ಹಾಗೆ ನಿಂತಿತ್ತು. ಅಷ್ಟು ಆಳದಲ್ಲಿ ಉಳಿದ ಅಲ್ಪಸ್ವಲ್ಪ ಮ್ಯುಆನುಗಳು ನೆತ್ತಿಯ ಮೇಲಿನಿಂದಲೇ ಬರಬೇಕು. ಓರೆಯಾಗಿ ಬರಲು ಹೊರಟರೆ ದಾಟಬೇಕಾದ ಕಲ್ಲು ಹಲವು ಪಟ್ಟು ಹೆಚ್ಚಾಗಿ ದಾರಿಯಲ್ಲೇ ಸಾಯುತ್ತವೆ. ಹಾಗಾಗಿ ಅಡ್ಡಡ್ಡಲಾಗಿ ಹಾದದ್ದು ನ್ಯೂಟ್ರಿನೋದ ಕೂಸು. ಎರಡು ಕಡೆ ಪ್ಲಾಸ್ಟಿಕ್ ಸಿಂಟಿಲೇಟರಿನ ಗೋಡೆ. ಕಣ ಹಾದರೆ ಅದು ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಮಿನುಗುತ್ತದೆ, ಆ ಮಿನುಗನ್ನು ಫೋಟೋಮಲ್ಟಿಪ್ಲಯರ್ ಕೊಳವೆ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಎರಡೂ ಗೋಡೆ ಒಟ್ಟಿಗೆ ಮಿನುಗಿದರೆ ನಡುವೆ ಸಾಲಾಗಿ ಪೇರಿಸಿದ ನಿಯಾನ್ ಫ್ಲ್ಯಾಶ್ ಕೊಳವೆಗಳಿಗೆ ತಟ್ಟನೆ ಹೆಚ್ಚು ವೋಲ್ಟೇಜು ಬೀಳುತ್ತದೆ. ಕಣ ಹಾದ ಕೊಳವೆಗಳು ಮಾತ್ರ ಹೊತ್ತಿಕೊಳ್ಳುತ್ತವೆ. ಕತ್ತಲಲ್ಲಿ ಕಾದಿರುವ ಕ್ಯಾಮೆರಾ ಆ ಕೆಂಪು ಚುಕ್ಕೆಗಳ ಸಾಲನ್ನು ಫಿಲ್ಮಿಗೆ ಇಳಿಸುತ್ತದೆ. ನಡುವೆ ಇಟ್ಟ ಸೀಸದ ಪದರವನ್ನು ದಾಟಿಯೂ ಚುಕ್ಕೆಗಳ ಸಾಲು ನೆಟ್ಟಗೇ ಇದ್ದರೆ ಹಾದದ್ದು ಮ್ಯುಆನ್.

ಇದೆಲ್ಲವನ್ನೂ ಬಿಡಿಬಿಡಿಯಾಗಿ ಕೇಜಿನಲ್ಲಿ ಇಳಿಸಿ, ಕೆಳಗೆ ಸುರಂಗದಲ್ಲಿ ತಳ್ಳಿಕೊಂಡು ಹೋಗಿ, ಅಲ್ಲಿ ಜೋಡಿಸಬೇಕು. ಕೇಜಿನ ಬಾಗಿಲಲ್ಲಿ ಹಿಡಿಯದ ಉಪಕರಣಕ್ಕೆ ಕೋಲಾರದಲ್ಲಿ ಜಾಗವಿಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ ಕಾರ್ಮಿಕರು ಮೊದಲು, ವಿಜ್ಞಾನ ಆಮೇಲೆ. ನ್ಯಾಯವಾದ ಮಾತೇ. ಆ ಗಣಿಯಲ್ಲಿ ಕಲ್ಲು ಸಿಡಿಯುವುದು, ಇಂಗ್ಲಿಷಿನವರು ರಾಕ್ ಬರ್ಸ್ಟ್ ಎನ್ನುತ್ತಿದ್ದದ್ದು, ಪ್ರಾಣ ತೆಗೆಯುವ ಅಪಾಯವಾಗಿತ್ತು. ಮೂರು ಕಿಲೋಮೀಟರಿನ ಬಳಿ ಕಲ್ಲಿನ ಬಿಸಿ 60 ಡಿಗ್ರಿ ದಾಟುತ್ತಿತ್ತು. ಉಪಕರಣ ಹೊತ್ತ, ತಂತಿ ಎಳೆದ, ರಾತ್ರಿಪಾಳಿಯಲ್ಲಿ ಕಾದ ಕೋಲಾರ ಗಣಿಯ ತಮಿಳು, ತೆಲುಗು, ಕನ್ನಡದ ಕೆಲಸಗಾರರ ಹೆಸರು ಪ್ರಬಂಧಗಳ ತಲೆಬರಹದಲ್ಲಿಲ್ಲ. ಇಂಥ ಸಂಚಿಕೆಗಳಲ್ಲಾದರೂ ಅವರ ಕೆಲಸವನ್ನು ನೆನೆಯಬೇಕು.

1965ರಲ್ಲಿ ಅಡ್ಡಸಾಲುಗಳು ಫಿಲ್ಮಿಗೆ ಬಿದ್ದವು. ಅದೇ ಹೊತ್ತಿನಲ್ಲಿ ದಕ್ಷಿಣ ಆಫ್ರಿಕದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನಸ್ ತಂಡ ಇದೇ ಬೇಟೆಯಲ್ಲಿತ್ತು. ಅವರ ಮೊದಲ ದಾಖಲೆ ಫೆಬ್ರುವರಿ 23ರದು. ಆದರೆ ಮೊದಲು ಅಚ್ಚಾದದ್ದು ಕೋಲಾರದ್ದು: ಫಿಸಿಕ್ಸ್ ಲೆಟರ್ಸ್ ಪತ್ರಿಕೆ, 1965ರ ಆಗಸ್ಟ್ 15. ಅವರದು ಅದೇ ತಿಂಗಳ 30ಕ್ಕೆ ಬಂತು. ಯಾರು ಮೊದಲು ಎಂಬ ಚರ್ಚೆ ಆಗೀಗ ಏಳುವುದುಂಟು. ಎರಡೂ ತಂಡಗಳು ಒಬ್ಬರನ್ನೊಬ್ಬರು ಗೌರವದಿಂದಲೇ ಉಲ್ಲೇಖಿಸಿಕೊಂಡು ಬಂದಿವೆ, ಇತಿಹಾಸವೂ ಎರಡನ್ನೂ ಒಟ್ಟಿಗೇ ಬರೆದುಕೊಂಡಿದೆ. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋವನ್ನು ಮನುಷ್ಯ ಮೊದಲು ಕಂಡದ್ದು ಎರಡು ಚಿನ್ನದ ಗಣಿಗಳಲ್ಲಿ.

ಮುಂದೆ ಟೆಲಿಸ್ಕೋಪುಗಳ ಸಂಖ್ಯೆ ಏಳಕ್ಕೆ ಏರಿತು; ಕಾಂತೀಯ ಕಬ್ಬಿಣ ಇರುವವೂ ಅದರಲ್ಲಿದ್ದವು. ಇಷ್ಟೆಲ್ಲ ಮಾಡಿ ಒಟ್ಟು ಸಿಕ್ಕ ನ್ಯೂಟ್ರಿನೋ ಘಟನೆಗಳು ಸುಮಾರು ಹದಿನೆಂಟು. 1966ರ ಜನವರಿ 24ರಂದು ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮೆನನ್ ಟಿಐಎಫ್‌ಆರ್ ನಿರ್ದೇಶಕರಾದರು.

ಈ ಕಾಲದ ಇನ್ನೊಂದು ಫಲ ಗಣಿಯ ಹೊರಗೆ ಬೆಳೆಯಿತು. ಪರಮಾಣು ರಿಯಾಕ್ಟರು, ಆಸ್ಪತ್ರೆಯ ಕೋಬಾಲ್ಟ್ ಚಿಕಿತ್ಸೆ, ಐಸೋಟೋಪು ಎಲ್ಲಿದ್ದರೂ ವಿಕಿರಣ ಅಳೆಯುವ ಮೀಟರು ಬೇಕು, ಅದನ್ನು ಕೊಳ್ಳಲು ವಿದೇಶಿ ವಿನಿಮಯವಿರಲಿಲ್ಲ. ಟಿಐಎಫ್‌ಆರ್‌ನಲ್ಲಿ ಕಾಸ್ಮಿಕ್ ಕಿರಣಕ್ಕೆಂದು ಕೌಂಟರು ಮಾಡಲು ಕಲಿತ ಎಲೆಕ್ಟ್ರಾನಿಕ್ಸ್ ಕೈಗಳು ಟ್ರಾಂಬೆಯ ಪರಮಾಣು ಶಕ್ತಿ ಕೇಂದ್ರದ ಉಪಕರಣ ವಿಭಾಗವಾದವು, ಅದರಿಂದ 1967ರಲ್ಲಿ ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಹುಟ್ಟಿತು.

1970ರ ದಶಕ

ಈ ದಶಕದಲ್ಲಿ ‘ಕೋಲಾರ್ ಇವೆಂಟ್ಸ್’ ಎಂಬ ಹೆಸರು ಹೊರದೇಶದ ಪತ್ರಿಕೆಗಳಲ್ಲಿ ಓಡಾಡಿತು. ಕಲ್ಲಿನಿಂದ ಒಂದಿಷ್ಟು ಹೊರಗೆ, ಖಾಲಿ ಜಾಗದಲ್ಲೇ ಎರಡು ಮೂರು ಗೆರೆಗಳಾಗಿ ಒಡೆಯುವ ಕೆಲವು ವಿಚಿತ್ರ ದಾಖಲೆಗಳು ಸಿಕ್ಕಿದ್ದವು. 1975ರಲ್ಲಿ ಅವನ್ನು ಹೊಸ ಕಣವೊಂದರ ಸೂಚನೆ ಇರಬಹುದೆಂದು ಪ್ರಕಟಿಸಿದರು. ಬೇರೆ ಕಡೆ ಅದು ಕಾಣಲಿಲ್ಲ. ವಿವರಣೆಯ ಬಗ್ಗೆ ಭಿನ್ನಾಭಿಪ್ರಾಯ ಉಳಿದೇ ಇದೆ. ಅದೇ ವರ್ಷ ಶ್ರೀಕಂಠನ್ ಟಿಐಎಫ್‌ಆರ್‌ನ ನಿರ್ದೇಶಕರಾದರು, 1987ರವರೆಗೆ ಇದ್ದರು. ಗಣಿಗೆ ಮೊದಲು ಇಳಿದವರೇ ಸಂಸ್ಥೆಯ ಹೊಣೆ ಹೊತ್ತದ್ದು ಕೋಲಾರದ ಬಿಡಾರಕ್ಕೆ ಒಳ್ಳೆಯದೇ ಆಯಿತು.

1979–1992: ಕಬ್ಬಿಣದ ಗೋಪುರ

ಪ್ರೋಟಾನ್ ಸಾಯುತ್ತದೆಯೇ? 1970ರ ದಶಕದ ನಡುವೆ ಜೋಗೇಶ್ ಪತಿ, ಅಬ್ದುಸ್ ಸಲಾಂ ಒಂದು ಕಡೆ, ಜಾರ್ಜಿ, ಗ್ಲಾಶೋ ಇನ್ನೊಂದು ಕಡೆ, ಸಾಯಬಹುದು ಎಂದು ಲೆಕ್ಕ ಹಾಕಿದ್ದರು. ಆಯುಸ್ಸು 1ರ ಮುಂದೆ 30 ಸೊನ್ನೆಯಷ್ಟು ವರ್ಷಗಳ ಸುತ್ತಮುತ್ತ. ಒಂದು ಪ್ರೋಟಾನಿನ ಮುಂದೆ ಅಷ್ಟು ಕಾಲ ಕೂರುವಂತಿಲ್ಲ, ಆದರೆ ಅಷ್ಟು ಸಂಖ್ಯೆಯ ಪ್ರೋಟಾನುಗಳನ್ನು ಒಂದೆಡೆ ಪೇರಿಸಿ ಒಂದೆರಡು ವರ್ಷ ಕಾಯಬಹುದು. ಅದಕ್ಕೆ ಬೇಕು ನೂರಾರು ಟನ್ನು ವಸ್ತು ಮತ್ತು ಮೇಲಿನ ಮ್ಯುಆನುಗಳ ಕಾಟವಿಲ್ಲದ ಜಾಗ. ಎರಡನೆಯದು ಕೋಲಾರದಲ್ಲಿ ಸಿದ್ಧವಿತ್ತು.

1980ರ ಕೊನೆಗೆ 2.3 ಕಿಲೋಮೀಟರ್ ಆಳದಲ್ಲಿ 140 ಟನ್ನಿನ ಡಿಟೆಕ್ಟರು ಕೆಲಸ ಶುರುಮಾಡಿತು. ಪ್ರೋಟಾನ್ ಕ್ಷಯವನ್ನು ಹುಡುಕಲೆಂದೇ ಕಟ್ಟಿದ ಮೊದಲ ದೊಡ್ಡ ಉಪಕರಣಗಳ ಸಾಲಿನಲ್ಲಿ ಇದು ಮುಂಚೂಣಿಯದು. ಟಿಐಎಫ್‌ಆರ್ ಜೊತೆ ಒಸಾಕಾದವರು, ಟೋಕಿಯೊದವರು. ಹತ್ತು ಸೆಂಟಿಮೀಟರ್ ಚೌಕದ ಕಬ್ಬಿಣದ ಕೊಳವೆಗಳನ್ನು ತಂದು, ಒಳಗೆ ತಂತಿ ಎಳೆದು, ತುದಿ ಮುಚ್ಚಿ, ಆರ್ಗಾನಿಗೆ ಹತ್ತರಲ್ಲೊಂದು ಪಾಲು ಮೀಥೇನ್ ಬೆರೆಸಿ ತುಂಬಿದರೆ ಒಂದು ಪ್ರೊಪೋರ್ಷನಲ್ ಕೌಂಟರು. ಗೈಗರ್ ಕೊಳವೆ ಬರೀ ಟಕ್ ಎಂದರೆ, ಇದು ಹಾದ ಕಣ ಎಷ್ಟು ಶಕ್ತಿ ಕಳೆದುಕೊಂಡಿತು ಎಂಬುದನ್ನೂ ಮಿಡಿತದ ಗಾತ್ರದಲ್ಲಿ ಹೇಳುತ್ತದೆ. ಅಂಥ ಸುಮಾರು 1,600 ಕೌಂಟರುಗಳನ್ನು 34 ಪದರಗಳಾಗಿ, ಒಂದು ಪದರ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, ನಡುನಡುವೆ ಕಬ್ಬಿಣದ ತಗಡು ಇಟ್ಟು ಪೇರಿಸಿದರು. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎತ್ತರ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಇದರಲ್ಲಿ ಕಬ್ಬಿಣವೇ ಉಪಕರಣ, ಕಬ್ಬಿಣವೇ ಪರೀಕ್ಷೆಯ ವಸ್ತು. 140 ಟನ್ನಿನಲ್ಲಿರುವ ಪ್ರೋಟಾನು, ನ್ಯೂಟ್ರಾನುಗಳ ಸಂಖ್ಯೆ 8ರ ಮುಂದೆ 31 ಸೊನ್ನೆ.

ನೆಲದ ಮೇಲೆ ಈ ಗಾತ್ರದ ಪೆಟ್ಟಿಗೆಯನ್ನು ಸೆಕೆಂಡಿಗೆ ಸಾವಿರಾರು ಮ್ಯುಆನುಗಳು ಹಾಯುತ್ತವೆ. ಕೋಲಾರದ ತಳದಲ್ಲಿ ದಿನಕ್ಕೆ ಸರಾಸರಿ ಎರಡು.

1981–82ರಲ್ಲಿ ತಂಡ, ಗೋಪುರದ ಒಳಗೇ ಶುರುವಾಗಿ ಒಳಗೇ ಮುಗಿದಂತೆ ಕಾಣುವ ಕೆಲವು ಘಟನೆಗಳನ್ನು ಪ್ರಕಟಿಸಿತು. ಪ್ರೋಟಾನ್ ಕ್ಷಯವಿರಬಹುದು ಎಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ಆಮೇಲೆ ಅಮೆರಿಕದ ಓಹಾಯೊ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರು ತುಂಬಿದ ಐಎಂಬಿ ಡಿಟೆಕ್ಟರು, 1983ರಲ್ಲಿ ಜಪಾನಿನ ಕಾಮಿಯೋಕಾಂಡೆ ಕೆಲಸ ಶುರುಮಾಡಿದವು. ಅವುಗಳಿಗೆ ಏನೂ ಕಾಣಲಿಲ್ಲ. ಕೋಲಾರದ ಘಟನೆಗಳು ನ್ಯೂಟ್ರಿನೋಗಳಿಂದ ಆದವೇ ಎಂಬ ಪ್ರಶ್ನೆಯ ಮೇಲೆ ತಜ್ಞರಲ್ಲಿ ಸಾಕಷ್ಟು ವಾದ ನಡೆಯಿತು. ಅದನ್ನು ಇಲ್ಲಿ ಮತ್ತೆ ಹೂಡುವುದು ಬೇಡ. ಇವತ್ತಿನ ಮಾತು ಇಷ್ಟು: ಕಾಮಿಯೋಕಾಂಡೆಯ ತಮ್ಮ ಸೂಪರ್ ಕಾಮಿಯೋಕಾಂಡೆಯ ಲೆಕ್ಕದಲ್ಲಿ ಪ್ರೋಟಾನು ಪಾಸಿಟ್ರಾನ್ ಮತ್ತು ಪೈಆನ್ ಆಗಿ ಒಡೆಯುವುದಾದರೆ ಅದರ ಆಯುಸ್ಸು 1ರ ಮುಂದೆ 34 ಸೊನ್ನೆಯ ವರ್ಷಗಳಿಗೂ ಮೀರಿದ್ದು. ಈ ದೀರ್ಘ ಹುಡುಕಾಟಕ್ಕೆ ಮೊದಲು ಹೊರಟವರ ಗುಂಪಿನಲ್ಲಿ ಕೋಲಾರದವರೂ ಇದ್ದರು. ಪ್ರೋಟಾನಿಗೆಂದು ಕಟ್ಟಿದ ಜಪಾನಿನ ತೊಟ್ಟಿಗಳಲ್ಲಿ 1987ರಲ್ಲಿ ಸೂಪರ್‌ನೋವಾದ ನ್ಯೂಟ್ರಿನೋ, 1998ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳು ಬಗೆ ಬದಲಿಸುವ ಸಂಗತಿ ಸಿಕ್ಕಿ, ಎರಡಕ್ಕೂ ನೊಬೆಲ್ ಬಂತು. 1965ರಲ್ಲಿ ಕೋಲಾರದಲ್ಲಿ ಕಂಡದ್ದು ಇದೇ ವಾಯುಮಂಡಲದ ನ್ಯೂಟ್ರಿನೋ.

1980ರ ದಶಕದ ನಡುವೆ ಎರಡು ಕಿಲೋಮೀಟರ್ ಆಳದಲ್ಲಿ 260 ಟನ್ನಿನ, ಅರುವತ್ತು ಪದರದ ಎರಡನೇ ಗೋಪುರ ಎದ್ದಿತು. ಸಿಕ್ಕ ಜಾಗದಲ್ಲಿ ಇದಕ್ಕಿಂತ ದೊಡ್ಡದನ್ನು ಕಟ್ಟುವುದು ಕಷ್ಟವಿತ್ತು. ಅಷ್ಟು ಹೊತ್ತಿಗೆ ಚಿನ್ನದ ಅದಿರು ತೆಳುವಾಗುತ್ತ, 1972ರಲ್ಲಿ ರಚನೆಯಾದ ಭಾರತ್ ಗೋಲ್ಡ್ ಮೈನ್ಸ್ ನಷ್ಟದಲ್ಲಿ ಮುಳುಗುತ್ತ ಬಂದಿತ್ತು. ಆಳದ ಲೆವೆಲ್‌ಗಳನ್ನು ಒಂದೊಂದಾಗಿ ಬಿಡಬೇಕಾಯಿತು. 1992ರ ಹೊತ್ತಿಗೆ ಪ್ರಯೋಗ ನಿಂತಿತು. ಗಣಿಯೂ 2001ರ ಫೆಬ್ರುವರಿ 28ರಂದು ಮುಚ್ಚಿತು. ಪಂಪು ನಿಂತ ಗಣಿಯಲ್ಲಿ ನೀರು ಏರಿತು. ವಿಜ್ಞಾನಕ್ಕೆಂದೇ ಒಂದು ಶಾಫ್ಟನ್ನು ಉಳಿಸಿಕೊಳ್ಳಬಹುದಿತ್ತು ಎಂಬ ಮಾತು ಈಗಲೂ ಕೇಳಿಬರುತ್ತದೆ. ಆದರೆ ನೀರೆತ್ತುವ ಖರ್ಚು ಯಾರು ಹೊರಬೇಕಿತ್ತು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಿರಲಿಲ್ಲ.

1992ರ ಈಚೆಗೆ

ಸ್ವಂತ ಗುಹೆ ಬೇಕು ಎಂಬ ಪಾಠದಿಂದಲೇ ತಮಿಳುನಾಡಿನ ತೇನಿ ಜಿಲ್ಲೆಯ ಬೋಡಿ ಬೆಟ್ಟದಲ್ಲಿ ಇಂಡಿಯಾ ನ್ಯೂಟ್ರಿನೋ ವೀಕ್ಷಣಾಲಯದ ಯೋಜನೆ ಹುಟ್ಟಿತು. ಅದರ ಮುಂದಾಳಾಗಿದ್ದ ನಬ ಮಂಡಲ್ ಕೋಲಾರದಲ್ಲಿ ಪಳಗಿದವರು. 50,000 ಟನ್ನಿನ ಕಾಂತೀಯ ಕಬ್ಬಿಣದ ಡಿಟೆಕ್ಟರು, 2015ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ, ಆಮೇಲೆ ಸ್ಥಳೀಯರ ವಿರೋಧ, ನ್ಯಾಯಾಲಯ. ಬೆಟ್ಟ ಇನ್ನೂ ಹಾಗೇ ಇದೆ. ಮಧುರೈಯಲ್ಲಿ 85 ಟನ್ನಿನ ಮಾದರಿಯೊಂದು ಓಡುತ್ತಿದೆ. ಶ್ರೀಕಂಠನ್ ನಿವೃತ್ತಿಯ ಮೇಲೆ ಬೆಂಗಳೂರಿಗೆ ಬಂದು, ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೊನೆಯವರೆಗೂ ಓದುಬರಹದಲ್ಲಿದ್ದು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು.

ನಮ್ಮ ಸೀಮೆಯಲ್ಲಿ ವಿಕಿರಣದ ಅಳತೆ ಬೇರೆ ರೀತಿಯಲ್ಲಿ ನಡೆದಿದೆ. ಬೆಂಗಳೂರು, ಮೈಸೂರು ವಿಶ್ವವಿದ್ಯಾಲಯಗಳ ಭೌತವಿಜ್ಞಾನದ ಸಂಶೋಧಕರು ಕ್ಲೋಸ್‌ಪೇಟೆ ಗ್ರಾನೈಟಿನ ಕ್ವಾರಿಗಳಲ್ಲಿ, ಕೊಳವೆಬಾವಿಯ ನೀರಿನಲ್ಲಿ, ಮನೆಗಳ ಒಳಗೆ ರೇಡಾನ್ ಮತ್ತು ಗಾಮಾ ಪ್ರಮಾಣ ನೋಡಿದ್ದಾರೆ. ಮನೆಯೊಳಗಿನ ರೇಡಾನಿಗೆ ಬಳಸುವ ಸಾಧನ ಬಹಳ ಅಗ್ಗದ್ದು: ಬೆರಳಗಲದ ತೆಳ್ಳನೆ ಪ್ಲಾಸ್ಟಿಕ್ ಫಿಲ್ಮು. ಅದನ್ನು ಗೋಡೆಗೆ ತೂಗುಹಾಕಿ ಮೂರು ತಿಂಗಳು ಬಿಡುತ್ತಾರೆ. ಆಲ್ಫಾ ಕಣ ಬಿದ್ದ ಕಡೆ ಕಣ್ಣಿಗೆ ಕಾಣದ ಗಾಯ. ಕಾಸ್ಟಿಕ್ ಸೋಡಾದ ಬಿಸಿ ದ್ರಾವಣದಲ್ಲಿ ಮುಳುಗಿಸಿ ತೆಗೆದರೆ ಗಾಯ ತೂತಾಗುತ್ತದೆ. ತೂತುಗಳನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ಕರೆಂಟೂ ಬೇಡ, ವಾಲ್ವೂ ಬೇಡ.

ಕೋಲಾರದ ಗೋಪುರದಲ್ಲಿದ್ದ ಪ್ರೊಪೋರ್ಷನಲ್ ಕೌಂಟರಿನ ವಿದ್ಯೆ ಮಾತ್ರ ಮೇಲಕ್ಕೆ ಹೋಯಿತು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಟಿಐಎಫ್‌ಆರ್ ಮಾಡಿದ ಮೂರು ಎಕ್ಸ್ ಕಿರಣ ಕೌಂಟರುಗಳಿದ್ದವು, ಒಳಗೆ ಆರ್ಗಾನಿನ ಬದಲು ಕ್ಸೆನಾನ್, ಜೊತೆಗೆ ಅದೇ ಮೀಥೇನ್. 2024ರ ಜನವರಿ 1ರಂದು ಹೋದ ಎಕ್ಸ್‌ಪೋಸ್ಯಾಟ್‌ನಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರ ಪೋಲಿಕ್ಸ್ ಉಪಕರಣವೂ ಇಂಥ ಅನಿಲ ಕೌಂಟರುಗಳನ್ನೇ ಹೊತ್ತಿದೆ. ಈ ಉಪಗ್ರಹಗಳ ಮಾಹಿತಿ ಸೇರುವ ಕಣಜ, ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ, ಇರುವುದು ಮೈಸೂರು ರಸ್ತೆ ಮಾಗಡಿ ರಸ್ತೆಗಳ ನಡುವಿನ ಬ್ಯಾಲಾಳಿನಲ್ಲಿ. 2008ರಲ್ಲಿ ಚಂದ್ರಯಾನಕ್ಕಾಗಿ ಎತ್ತಿದ 32 ಮೀಟರಿನ ಆಂಟೆನಾ ಇರುವ ಅದೇ ಆವರಣ. ಆಸ್ಟ್ರೋಸ್ಯಾಟ್‌ನ ಹಳೆಯ ದಾಖಲೆಗಳನ್ನು 2018ರಿಂದ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹೆಸರು ನೋಂದಾಯಿಸಿಕೊಂಡರೆ ಚನ್ನಪಟ್ಟಣದ ಕಾಲೇಜಿನ ಎಂ.ಎಸ್ಸಿ. ವಿದ್ಯಾರ್ಥಿಯೂ ಅವನ್ನು ಇಳಿಸಿಕೊಂಡು ಎಣಿಸಲು ಕೂರಬಹುದು.